ಸ್ತನ ಸ್ವಯಂ ಪರೀಕ್ಷೆ: ನರ್ಸಿಂಗ್ ವಿದ್ಯಾರ್ಥಿನಿಯರ ಅರಿವು, ರೂಢಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ನಾನು ಕಾರ್ಯನಿರ್ವಹಿಸುತ್ತಿರುವ ಗ್ರಾಮ ಪಂಚಾಯಿತಿಯ ಮಹಿಳಾ ಗ್ರಾಮ ಸಭೆಗೆ ಕಳೆದ ವರ್ಷ ನರ್ಸಿಂಗ್ ವಿದ್ಯಾರ್ಥಿನಿಯರ ತಂಡವೊಂದು ಬಂದಿತ್ತು. ಸಮುದಾಯ ಆರೋಗ್ಯದ ಕ್ಷೇತ್ರ ತರಬೇತಿಗಾಗಿ ಅವರು ಆ ತಿಂಗಳು ನಮ್ಮ ಹಳ್ಳಿಗಳಲ್ಲಿಯೇ ಇದ್ದರು. ಅಂದು ಅವರು ವಿವರಿಸಬೇಕಿದ್ದ ವಿಷಯ ಸ್ತನ ಸ್ವಯಂ ಪರೀಕ್ಷೆ. ಬಟ್ಟೆಯಿಂದ ಹೊಲಿದು, ಹತ್ತಿ ತುಂಬಿ, ಒಳಗೊಂದು ಕಡಲೆಕಾಳನ್ನು ಅಡಗಿಸಿದ್ದ ಮಾದರಿಯನ್ನು ಸಭೆಯಲ್ಲಿದ್ದ ಹೆಂಗಸರ ಕೈಗೆ ಕೊಟ್ಟು, ಕಾಳು ಎಲ್ಲಿದೆಯೆಂದು ಬೆರಳಿನಿಂದಲೇ ಹುಡುಕಿಸಿದರು. ಆ ಹೊತ್ತಿನಲ್ಲಿ ಪುರುಷ ಸಿಬ್ಬಂದಿ ಒಳಗಿರುವುದು ಸರಿಯಲ್ಲವೆಂದು ನಾನು ಜಗುಲಿಗೆ ಬಂದು ಕುಳಿತಿದ್ದೆ. ವಿವರಣೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ಕೇಳಿದ ಪ್ರಶ್ನೆ ಮಾತ್ರ ಹೊರಗೂ ಕೇಳಿಸಿತು: "ಚೆನ್ನಾಗಿ ಹೇಳಿದ್ರಿ ಕಣವ್ವಾ. ನೀವು ತಿಂಗ್ಳು ತಿಂಗ್ಳೂ ನೋಡ್ಕೋತೀರಾ?"

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ಒಬ್ಬ ವಿದ್ಯಾರ್ಥಿನಿ ಪ್ರಾಮಾಣಿಕವಾಗಿ ಉತ್ತರಿಸಿದಳು: "ಪರೀಕ್ಷೆಗೆ ಓದಿದೀವಿ ಅಜ್ಜಿ. ರೂಢಿ ಇಲ್ಲ."

ಆ ಪ್ರಶ್ನೆಯೂ ಆ ಉತ್ತರವೂ ಗ್ರಾಮ ಪಂಚಾಯಿತಿಗಳಿಗೆ ಏಕೆ ಮುಖ್ಯವೆಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಗಾತ್ರ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ 2022ನೇ ವರ್ಷದಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಹಿಳೆಯರು ಇದರಿಂದ ಮೃತಪಟ್ಟರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಸರಿಸುಮಾರು ಹತ್ತು ವರ್ಷ ಮೊದಲೇ, ಅಂದರೆ ಮನೆ ಮತ್ತು ಹೊಲದ ಹೊಣೆಯನ್ನು ಹೆಣ್ಣುಮಕ್ಕಳು ಪೂರ್ಣವಾಗಿ ಹೊತ್ತಿರುವ ನಡುವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಆರಂಭದ ಹಂತದಲ್ಲಿ ಪತ್ತೆಯಾದರೆ ಇದು ಗುಣಪಡಿಸಬಹುದಾದ ಕಾಯಿಲೆ. ಆದರೆ ನಮ್ಮ ದೇಶದಲ್ಲಿ ಬಹಳಷ್ಟು ಮಹಿಳೆಯರು ರೋಗ ಮುಂದುವರಿದ ಮೇಲೆಯೇ ಆಸ್ಪತ್ರೆ ತಲುಪುತ್ತಾರೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರನ್ನು, ಎಂದಾದರೂ ಸ್ತನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡಿದ್ದೀರಾ ಎಂದು ಕೇಳಲಾಯಿತು. ಹೌದು ಎಂದವರು ಶೇ 0.9 ಮಾತ್ರ. ನೂರು ಮಂದಿಯಲ್ಲಿ ಒಬ್ಬರೂ ಇಲ್ಲವೆಂದಾಯಿತು.

ಸ್ವಯಂ ಪರೀಕ್ಷೆ ಎಂದರೇನು?

ನಮ್ಮ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ಪಂಪಿನ ಮೋಟಾರು ಸರಿಯಾಗಿದ್ದಾಗ ಯಾವ ಶಬ್ದ ಮಾಡುತ್ತದೆಂಬುದು ಅವನಿಗೆ ಗೊತ್ತು. ಶಬ್ದ ಸ್ವಲ್ಪ ಬದಲಾದರೂ ಅವನು ಮೆಕ್ಯಾನಿಕ್‌ಗೆ ಹೇಳಿಕಳುಹಿಸುತ್ತಾನೆ. ದೋಷ ಯಾವುದೆಂದು ನಿರ್ಣಯಿಸುವುದು ಅವನ ಕೆಲಸವಲ್ಲ. ಬದಲಾವಣೆಯನ್ನು ಗುರುತಿಸುವುದು ಅವನ ಕೆಲಸ. ಸ್ತನ ಸ್ವಯಂ ಪರೀಕ್ಷೆಯೂ ಅಷ್ಟೇ. ತನ್ನ ದೇಹದ ಸಹಜ ಸ್ಥಿತಿಯನ್ನು ಹೆಣ್ಣುಮಗಳು ತಿಳಿದಿರಬೇಕು. ಅದು ಬದಲಾದಾಗ ಆರೋಗ್ಯ ಕಾರ್ಯಕರ್ತರಿಗೆ ತೋರಿಸಬೇಕು. ವಿಧಾನ ಹೀಗಿದೆ:

1. ಸಮಯ: ಮುಟ್ಟಾಗುವವರು ಮುಟ್ಟಿನ ಮೊದಲ ದಿನದಿಂದ ಎಣಿಸಿ ಏಳರಿಂದ ಹತ್ತನೆಯ ದಿನದೊಳಗೆ ನೋಡಿಕೊಳ್ಳಬೇಕು, ಆಗ ಸ್ತನಗಳಲ್ಲಿ ಬಿಗುವು ಮತ್ತು ನೋವು ಕಡಿಮೆ ಇರುತ್ತದೆ. ಮುಟ್ಟು ನಿಂತವರು ಹಾಗೂ ಗರ್ಭಿಣಿಯರು ತಿಂಗಳಿಗೊಂದು ದಿನವನ್ನು ಗೊತ್ತುಮಾಡಿಕೊಳ್ಳಬಹುದು.

2. ಕಣ್ಣಿನಿಂದ: ಕನ್ನಡಿಯ ಮುಂದೆ ಕೈಗಳನ್ನು ಇಳಿಬಿಟ್ಟು, ಅನಂತರ ಮೇಲೆತ್ತಿ, ಬಳಿಕ ಸೊಂಟದ ಮೇಲೆ ಒತ್ತಿ ನಿಂತು ನೋಡಬೇಕು. ಆಕಾರದಲ್ಲಿ ಹೊಸ ವ್ಯತ್ಯಾಸ, ಚರ್ಮದಲ್ಲಿ ಗುಳಿ, ಕಿತ್ತಳೆ ಸಿಪ್ಪೆಯಂತೆ ಒರಟಾದ ಚರ್ಮ, ಒಳಕ್ಕೆ ಎಳೆದುಕೊಂಡ ತೊಟ್ಟು ಇವನ್ನು ಗಮನಿಸಬೇಕು.

3. ಕೈಯಿಂದ: ಮಲಗಿಕೊಂಡು ಬಲ ಭುಜದ ಕೆಳಗೆ ಮಡಿಸಿದ ಬಟ್ಟೆಯಿಟ್ಟು, ಬಲಗೈಯನ್ನು ತಲೆಯ ಕೆಳಗಿರಿಸಿ, ಎಡಗೈಯ ನಡುವಿನ ಮೂರು ಬೆರಳುಗಳ ಒಳಮೈಯಿಂದ ಬಲ ಸ್ತನವನ್ನು ನೋಡಿಕೊಳ್ಳಬೇಕು. ಕೊರಳೆಲುಬಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಎದೆಯ ನಡುಮೂಳೆಯಿಂದ ಕಂಕುಳಿನವರೆಗೆ, ಹೊಲದಲ್ಲಿ ಸಾಲು ಹೊಡೆಯುವಂತೆ ಒಂದೂ ಸಾಲು ಬಿಡದೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಪ್ರತಿ ಜಾಗದಲ್ಲಿಯೂ ಮೊದಲು ಹಗುರವಾಗಿ, ಅನಂತರ ಸ್ವಲ್ಪ ಒತ್ತಿ, ಕೊನೆಗೆ ಎದೆಗೂಡು ತಿಳಿಯುವಷ್ಟು ಒತ್ತಬೇಕು. ಎಡಭಾಗಕ್ಕೂ ಇದೇ ಕ್ರಮ.

4. ಕಂಕುಳು: ಕೊನೆಯಲ್ಲಿ ಎರಡೂ ಕಂಕುಳುಗಳಲ್ಲಿ ಮತ್ತು ಕೊರಳೆಲುಬಿನ ಮೇಲ್ಭಾಗದಲ್ಲಿ ಗಂಟು ಇದೆಯೇ ಎಂದು ನೋಡಬೇಕು.

ಹೊಸ ಗಂಟು, ತೊಟ್ಟಿನಿಂದ ತಾನಾಗಿ ಬರುವ ರಕ್ತ ಅಥವಾ ದ್ರವ, ತೊಟ್ಟಿನ ಮೇಲೆ ವಾಸಿಯಾಗದ ಹುಣ್ಣು, ಕಂಕುಳಿನ ಊತ, ಮೇಲೆ ಹೇಳಿದ ಚರ್ಮದ ಬದಲಾವಣೆ ಇವುಗಳಲ್ಲಿ ಯಾವುದು ಕಂಡರೂ ತೋರಿಸಬೇಕು. ಹಾಲುಣಿಸುವ ತಾಯಂದಿರಲ್ಲಿ ಹಾಲು ಕಟ್ಟಿಕೊಂಡು ಗಂಟಾಗುವುದುಂಟು. ಅದು ಬೇಗ ಇಳಿಯದಿದ್ದರೆ ಅವರೂ ತೋರಿಸಲೇಬೇಕು. ಎರಡು ಸಂಗತಿಗಳನ್ನು ವಿಶೇಷವಾಗಿ ತಿಳಿಸಬೇಕು. ಮೊದಲನೆಯದು, ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎರಡನೆಯದು, ಆರಂಭದ ಕ್ಯಾನ್ಸರ್ ಗಂಟು ಬಹುತೇಕ ನೋಯುವುದಿಲ್ಲ. "ನೋವಿಲ್ಲ, ಹಾಗಾಗಿ ಏನೂ ಇಲ್ಲ" ಎಂಬ ನಂಬಿಕೆಯೇ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಅಪಾಯ ತಂದಿದೆ.

ಅರಿವು ಇದ್ದರೂ ರೂಢಿ ಏಕಿಲ್ಲ?

ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕುರಿತು ನಮ್ಮ ರಾಜ್ಯದಲ್ಲಿಯೂ ದೇಶದ ಇತರೆಡೆಗಳಲ್ಲಿಯೂ ಅನೇಕ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದು ಒಂದೇ ಸಂಗತಿ: ಸ್ವಯಂ ಪರೀಕ್ಷೆಯ ಹೆಸರು ಬಹುತೇಕ ಎಲ್ಲರಿಗೂ ಗೊತ್ತು, ಸರಿಯಾದ ದಿನ ಮತ್ತು ಕ್ರಮ ಗೊತ್ತಿರುವವರು ಅದಕ್ಕಿಂತ ಕಡಿಮೆ, ತಿಂಗಳು ತಪ್ಪದೆ ಮಾಡಿಕೊಳ್ಳುವವರು ಇನ್ನೂ ಕಡಿಮೆ. ಅವರು ಹೇಳುವ ಕಾರಣಗಳೂ ಪರಿಚಿತವೇ: ಮರೆವು, ಸಂಕೋಚ, ಸರಿಯಾಗಿ ಮಾಡುತ್ತಿದ್ದೇನೆಯೇ ಎಂಬ ಅನುಮಾನ, ಗಂಟು ಸಿಕ್ಕಿಬಿಟ್ಟರೆ ಎಂಬ ಭಯ, "ನನಗೇನೂ ಆಗಿಲ್ಲವಲ್ಲ" ಎಂಬ ಸಮಾಧಾನ. ಹಲವರು ಒಂದೇ ಕೋಣೆಯಲ್ಲಿರುವ ಹಾಸ್ಟೆಲಿನಲ್ಲಿ ಹತ್ತು ನಿಮಿಷದ ಏಕಾಂತ ಸಿಗುವುದೂ ಕಷ್ಟ.

ಇನ್ನೊಂದು ಕಾರಣ ನಮ್ಮ ಶಿಕ್ಷಣದ ರೀತಿಯಲ್ಲಿದೆ. ಪ್ರಶ್ನೆಪತ್ರಿಕೆ "ಸ್ವಯಂ ಪರೀಕ್ಷೆಯ ಹಂತಗಳನ್ನು ಬರೆಯಿರಿ" ಎಂದು ಕೇಳುತ್ತದೆ, "ಕಳೆದ ತಿಂಗಳು ಮಾಡಿಕೊಂಡಿರಾ?" ಎಂದು ಯಾರೂ ಕೇಳುವುದಿಲ್ಲ. ಇಂಜಿನಿಯರಿಂಗ್ ಓದುವಾಗ ನಾನೂ ಕಾಂಕ್ರೀಟ್ ಕ್ಯೂರಿಂಗ್ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದಿದ್ದೆ. ಹೊಸ ಚರಂಡಿಯ ಗೋಡೆಗೆ ದಿನವೂ ನೀರು ಬೀಳುತ್ತಿದೆಯೇ ಎಂದು ನಿಂತು ನೋಡುವ ರೂಢಿ ಬಂದದ್ದು ಕೆಲಸಕ್ಕೆ ಸೇರಿ, ಒಂದು ಗೋಡೆ ಬಿರುಕುಬಿಟ್ಟ ಮೇಲೆ.

ಈ ಅಂತರದ ಬೆಲೆ ಏನೆಂಬುದನ್ನು ನಮ್ಮ ಕುಟುಂಬ ಕಂಡಿದೆ. ನನ್ನ ದೊಡ್ಡಮ್ಮನಿಗೆ ಎಡ ಸ್ತನದಲ್ಲಿ ಗಂಟು ಸಿಕ್ಕಿತ್ತು. ನೋವಿರಲಿಲ್ಲ, ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಎಂದು ವರ್ಷದ ಹತ್ತಿರ ಯಾರಿಗೂ ಹೇಳಲಿಲ್ಲ. ಅವರ ಮಗಳು, ನನ್ನ ಅಕ್ಕ, ಆ ವೇಳೆಯಲ್ಲಿ ನರ್ಸಿಂಗ್ ಮೂರನೇ ವರ್ಷದಲ್ಲಿದ್ದಳು. ಆ ವರ್ಷವೇ ಸ್ವಯಂ ಪರೀಕ್ಷೆಯ ಪ್ರಾತ್ಯಕ್ಷಿಕೆಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ರಜೆಗೆ ಮನೆಗೆ ಬಂದಾಗ ತಾಯಿ ಮಗಳು ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಈ ಮಾತು ಮಾತ್ರ ಅವರ ನಡುವೆ ಬರಲೇ ಇಲ್ಲ. ಚಿಕಿತ್ಸೆ ಆರಂಭವಾಗುವ ಹೊತ್ತಿಗೆ ರೋಗ ಕಂಕುಳಿನ ಗ್ರಂಥಿಗಳನ್ನು ದಾಟಿತ್ತು. ದೊಡ್ಡಮ್ಮ ಈಗಿಲ್ಲ. "ನಾನೇ ನೋಡಿಕೊಳ್ಳುತ್ತಿದ್ದಿದ್ದರೆ ಅಮ್ಮನಿಗೂ ಒಂದು ಮಾತು ಹೇಳುತ್ತಿದ್ದೆ" ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಅದು ಅವಳೊಬ್ಬಳ ತಪ್ಪೆಂದು ನಾನು ಭಾವಿಸುವುದಿಲ್ಲ. ಸಂಕೋಚವನ್ನು ಮುರಿಯುವುದು ರೂಢಿಯೇ ಎಂಬುದನ್ನು ಅವಳ ಮಾತಿನಿಂದ ಕಲಿತಿದ್ದೇನೆ.

ಇಂದಿನ ವಿದ್ಯಾರ್ಥಿನಿ, ನಾಳಿನ ಆರೋಗ್ಯ ಅಧಿಕಾರಿ

ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅತ್ಯಂತ ವಿರಳ. ಹಾಗಿದ್ದರೆ ವಿದ್ಯಾರ್ಥಿನಿಯರ ರೂಢಿಯ ಬಗ್ಗೆ ಗ್ರಾಮ ಪಂಚಾಯಿತಿ ಏಕೆ ಯೋಚಿಸಬೇಕು?

ನಮ್ಮ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಪದವೀಧರರು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಂತೆ 30 ವರ್ಷ ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಆಗಬೇಕು. ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕೈಯಿಂದಲೇ ಮಾಡುವ ಈ ತಪಾಸಣೆಗೆ ಯಂತ್ರ ಬೇಕಿಲ್ಲ. ಮನೆ ಮನೆಗೆ ಹೋಗಿ ನಮೂನೆ ಭರ್ತಿ ಮಾಡಿ ಮಹಿಳೆಯರನ್ನು ಗುರುತಿಸುವವರು ಆಶಾ ಕಾರ್ಯಕರ್ತೆಯರು. ಆದ್ದರಿಂದ ಇಂದು ತರಗತಿಯಲ್ಲಿರುವ ಹುಡುಗಿ ಕೆಲವೇ ವರ್ಷಗಳಲ್ಲಿ ನಮ್ಮ ತಾಯಂದಿರ, ಅಕ್ಕತಂಗಿಯರ ಗಂಟನ್ನು ಬೆರಳಿನಿಂದ ಗುರುತಿಸಬೇಕಾದವಳು. ಸಹಜ ಸ್ತನ ಬೆರಳಿಗೆ ಹೇಗೆ ತಿಳಿಯುತ್ತದೆಂಬುದನ್ನು ಅವಳು ಮೊದಲು ಕಲಿಯಬಹುದಾದದ್ದು ತನ್ನ ದೇಹದಿಂದಲೇ.

ಸ್ವಯಂ ಪರೀಕ್ಷೆಯೊಂದೇ ಸಾಕೇ?

ಸಾಲದು. ಸಭೆಗಳಲ್ಲಿ ಈ ಬಗ್ಗೆ ಉತ್ಪ್ರೇಕ್ಷೆ ಮಾಡಬಾರದು. ಚೀನಾದ ಶಾಂಘೈ ನಗರದಲ್ಲಿ 519 ಕಾರ್ಖಾನೆಗಳ 2,66,064 ಮಹಿಳಾ ಕಾರ್ಮಿಕರನ್ನು ಎರಡು ಗುಂಪಾಗಿಸಿ, ಒಂದು ಗುಂಪಿಗೆ ಸ್ವಯಂ ಪರೀಕ್ಷೆಯನ್ನು ಚೆನ್ನಾಗಿ ಕಲಿಸಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಲಿತ ಗುಂಪಿನಲ್ಲಿ 135 ಮಂದಿ, ಕಲಿಯದ ಗುಂಪಿನಲ್ಲಿ 131 ಮಂದಿ ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟಿದ್ದರು. ಸ್ವಯಂ ಪರೀಕ್ಷೆಯೊಂದರಿಂದಲೇ ಸಾವು ಕಡಿಮೆಯಾಗಲಿಲ್ಲ. ಅಪಾಯವಿಲ್ಲದ ಗಂಟುಗಳಿಗಾಗಿ ಮಾಡಿದ ಬಯಾಪ್ಸಿಗಳು ಹೆಚ್ಚಾದವು.

ನಮ್ಮ ದೇಶದ ಅನುಭವ ಬೇರೊಂದು ದಾರಿಯನ್ನು ತೋರಿಸುತ್ತದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು 1998ರಲ್ಲಿ ಕೊಳೆಗೇರಿಗಳ 1,51,538 ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿದರು. ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಒಂದು ಗುಂಪಿನ ಮಹಿಳೆಯರ ಸ್ತನಗಳನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಫಲಿತಾಂಶದಂತೆ ಆ ಗುಂಪಿನಲ್ಲಿ ರೋಗ ಮೊದಲ ಹಂತಗಳಲ್ಲಿಯೇ ಹೆಚ್ಚಾಗಿ ಪತ್ತೆಯಾಯಿತು. 50 ವರ್ಷ ಮೇಲ್ಪಟ್ಟವರಲ್ಲಿ ಸಾವಿನ ಪ್ರಮಾಣ ಸುಮಾರು ಶೇ 30ರಷ್ಟು ಕಡಿಮೆಯಾಯಿತು. 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂತಹ ಇಳಿಕೆ ಕಾಣಲಿಲ್ಲ.

ಇವೆರಡರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಸ್ವಯಂ ಪರೀಕ್ಷೆ ಮೊದಲ ಮೆಟ್ಟಿಲು. ಅದು ಹೆಣ್ಣುಮಗಳಿಗೆ ತನ್ನ ದೇಹದ ಪರಿಚಯ ಮಾಡಿಸಿ ಬಾಯಿ ಬಿಚ್ಚಿ ಹೇಳುವ ಧೈರ್ಯ ಕೊಡುತ್ತದೆ. ಎರಡನೆಯ ಮೆಟ್ಟಿಲು ತರಬೇತಾದ ಕೈಗಳಿಂದ ಕಾಲಕಾಲಕ್ಕೆ ತಪಾಸಣೆ. ಮೂರನೆಯದು ಆಸ್ಪತ್ರೆಯಲ್ಲಿ ಸ್ಕ್ಯಾನ್, ಮ್ಯಾಮೊಗ್ರಫಿ ಮತ್ತು ಬಯಾಪ್ಸಿಯಿಂದ ಖಚಿತ ನಿರ್ಣಯ. ನಾಲ್ಕನೆಯದು ಪೂರ್ಣ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಜಾಗತಿಕ ಸ್ತನ ಕ್ಯಾನ್ಸರ್ ಉಪಕ್ರಮದಲ್ಲಿ, ಮಹಿಳೆ ಮೊದಲ ಬಾರಿ ತೋರಿಸಿಕೊಂಡ 60 ದಿನಗಳೊಳಗೆ ರೋಗ ನಿರ್ಣಯವಾಗಬೇಕು ಎಂಬ ಗುರಿಯಿದೆ. ನೀರಿನ ಟ್ಯಾಂಕ್ ಕಟ್ಟಿ ಕೊಳವೆಮಾರ್ಗ ಹಾಕದಿದ್ದರೆ ಮನೆಗೆ ನೀರು ಬರುವುದಿಲ್ಲ. ಅರಿವು ಮೂಡಿಸಿ ಮುಂದಿನ ಮೆಟ್ಟಿಲುಗಳನ್ನು ಬಿಟ್ಟರೂ ಅದೇ ಆಗುತ್ತದೆ.

ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಸಾರ್ವಜನಿಕ ಆರೋಗ್ಯ ನಮ್ಮ ಪಂಚಾಯಿತಿಯ ವ್ಯಾಪ್ತಿಗೆ ಬರುವ ವಿಷಯ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯೂ ಇದೆ. ಹೊಸ ವ್ಯವಸ್ಥೆಯೇನೂ ಬೇಕಿಲ್ಲ.

1. ನರ್ಸಿಂಗ್ ಕಾಲೇಜಿನೊಡನೆ ಮಾತುಕತೆ: ಕ್ಷೇತ್ರ ತರಬೇತಿಗೆ ಕಾಲೇಜುಗಳಿಗೆ ಹಳ್ಳಿಗಳು ಬೇಕು, ನಮಗೆ ಕಲಿಸುವವರು ಬೇಕು. ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಹತ್ತಿರದ ಕಾಲೇಜಿಗೆ ಪತ್ರ ಬರೆಯಿರಿ. ತಂಡ ಬರುವ ಮೊದಲು ವಿದ್ಯಾರ್ಥಿನಿಯರು ತಾವೇ ಎರಡು ಮೂರು ತಿಂಗಳು ಸ್ವಯಂ ಪರೀಕ್ಷೆಯನ್ನು ರೂಢಿಸಿಕೊಂಡು ಬರಲಿ ಎಂದು ಬೋಧಕಿಯರನ್ನು ವಿನಯದಿಂದ ಕೋರಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು, ತಪ್ಪಿದರೆ ನೆನಪಿಸಲು ಒಬ್ಬ ಗೆಳತಿ, ಕ್ರಮ ಸರಿಯಿದೆಯೇ ಎಂದು ಬೋಧಕಿಯಿಂದ ಒಮ್ಮೆ ತಿದ್ದಿಸಿಕೊಳ್ಳುವುದು ಇಷ್ಟು ಸಾಕು. ಮಾಡಿಕೊಂಡಿರಾ ಎಂದು ಅವರ ಹೆಸರು ಹಿಡಿದು ಲೆಕ್ಕ ಕೇಳುವುದು ಪಂಚಾಯಿತಿಯ ಕೆಲಸವಲ್ಲ; ಅದು ಅವರ ಖಾಸಗಿ ವಿಷಯ.

2. ಒಂದು ಕೋಣೆ, ಒಂದು ಪರದೆ: ನಮ್ಮ ಉಪಕೇಂದ್ರದಲ್ಲಿ ತಪಾಸಣೆಗೆ ಹೆಂಗಸರು ಬರುತ್ತಿಲ್ಲವೆಂದು ಆರೋಗ್ಯ ಅಧಿಕಾರಿ ಹಲವು ಬಾರಿ ಹೇಳಿದ್ದರು. ಕಾರಣ ಅರಿಯಲು ಅಳತೆಪಟ್ಟಿ ಹಿಡಿದು ಹೋದಾಗ ಕಂಡದ್ದು, ತಪಾಸಣೆಯ ಮಂಚದ ಎದುರಿನ ಕಿಟಕಿ ಬಸ್ ನಿಲ್ದಾಣಕ್ಕೆ ಮುಖ ಮಾಡಿತ್ತು. ಕಟ್ಟಡದ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಟೈಲ್ಸ್, ಸುಣ್ಣಬಣ್ಣ ಎಲ್ಲವೂ ಇದ್ದವು, ಪರದೆ ಇರಲಿಲ್ಲ. ಆ ಪಟ್ಟಿಯನ್ನು ಪರಿಶೀಲಿಸಿ ಕಡತದಲ್ಲಿ ಮಂಡಿಸಿದವನು ನಾನೇ. ಪರದೆ, ಒಳಗಿನ ಚಿಲಕ ಮತ್ತು ಒಂದು ದೀಪ ಹಾಕಿಸಿದ ಮೇಲೆ ಹೆಂಗಸರು ಬರತೊಡಗಿದರು. ಸದಸ್ಯರು ತಮ್ಮ ವ್ಯಾಪ್ತಿಯ ಆರೋಗ್ಯ ಮಂದಿರಕ್ಕೆ ಒಮ್ಮೆ ಹೋಗಿ ಆ ಮಂಚದ ಬಳಿ ನಿಂತು ಸುತ್ತ ನೋಡಬೇಕೆಂದು ಕೋರುತ್ತೇನೆ.

3. ದಿನ ಗೊತ್ತುಪಡಿಸುವುದು: ಸಂತೆಯ ದಿನ, ಉದ್ಯೋಗ ಖಾತರಿ ಕೆಲಸದ ವೇಳೆ, ನಾಟಿ ಮತ್ತು ಕೊಯ್ಲಿನ ವಾರಗಳನ್ನು ಬಿಟ್ಟು ತಪಾಸಣಾ ದಿನ ನಿಗದಿಪಡಿಸಿ. ಸಂಜೀವಿನಿ ಒಕ್ಕೂಟದ ಸಭೆ ನಡೆಯುವ ದಿನ ಒಳ್ಳೆಯದು. ಹೆಂಗಸರು ಅಂದು ಹೇಗೂ ಸೇರಿರುತ್ತಾರೆ.

4. ಅರವತ್ತು ದಿನಗಳ ಲೆಕ್ಕ: ಪ್ರತಿ ಸಮಿತಿ ಸಭೆಯಲ್ಲಿ ಮೂರು ಸಂಖ್ಯೆಗಳನ್ನು ಮಾತ್ರ ಕೇಳಿ. ಎಷ್ಟು ಮಂದಿಗೆ ತಪಾಸಣೆಯಾಯಿತು? ಎಷ್ಟು ಮಂದಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಲಾಯಿತು? ಅವರಲ್ಲಿ 60 ದಿನಗಳೊಳಗೆ ಎಷ್ಟು ಮಂದಿಗೆ ವರದಿ ಕೈಸೇರಿತು? ಹೆಸರುಗಳು ಆರೋಗ್ಯ ಸಿಬ್ಬಂದಿಯ ಬಳಿಯೇ ಇರಲಿ. ಯಾವ ಕಾರಣಕ್ಕೂ ಅವು ಸಭೆಯಲ್ಲಿ, ನಡಾವಳಿಯಲ್ಲಿ ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರಕೂಡದು. ಒಮ್ಮೆ ಒಂದು ಹೆಸರು ಹೊರಬಿದ್ದರೆ ಆ ಊರಿನ ಹೆಂಗಸರು ಮತ್ತೆ ಬರಲು ಹಿಂಜರಿಯುತ್ತಾರೆ.

5. ಖರ್ಚಿನ ಭಯ ನಿವಾರಣೆ: ಬಹಳಷ್ಟು ಹೆಂಗಸರು ಗಂಟನ್ನು ಮುಚ್ಚಿಡುವುದು ಮನೆಗೆ ಸಾಲವಾದೀತೆಂಬ ಭಯದಿಂದ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಈ ಸೇವೆಯಲ್ಲಿದೆ. ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಿಬರಲು ಟಿಕೆಟ್ ಖರ್ಚಿಲ್ಲ. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಸಿ ಅರಿವು ಕೇಂದ್ರ, ಅಂಗನವಾಡಿ ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ಅಂಟಿಸಿ.

6. ಪುರುಷ ಸದಸ್ಯರಿಗೆ: ಪತ್ನಿ ಅಥವಾ ತಾಯಿ ಗಂಟಿನ ಮಾತೆತ್ತಿದಾಗ "ಆಮೇಲೆ ನೋಡೋಣ" ಎನ್ನದೆ ಮರುದಿನವೇ ಜೊತೆಯಲ್ಲಿ ಹೊರಡಿ. ಈ ರೋಗ ವಿರಳವಾಗಿ ಗಂಡಸರಿಗೂ ಬರುತ್ತದೆಂಬುದು ತಿಳಿದಿರಲಿ.

ಕೊನೆಯದಾಗಿ

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹಿರಿಯ ತಾಯಿ ಅಂದು ವಿದ್ಯಾರ್ಥಿನಿಯರನ್ನು ಕೇಳಿದ ಪ್ರಶ್ನೆಯನ್ನು ಮಹಿಳಾ ಸದಸ್ಯರು ಮೊದಲು ತಮಗೆ ತಾವೇ ಕೇಳಿಕೊಳ್ಳಬಹುದು. ಊರಿನ ತಪಾಸಣಾ ದಿನದಂದು ಸದಸ್ಯೆಯೇ ಸಾಲಿನಲ್ಲಿ ಮೊದಲಿಗಳಾಗಿ ನಿಂತರೆ ಹಿಂದಿರುವವರ ಸಂಕೋಚ ಅರ್ಧ ಇಳಿಯುತ್ತದೆ.

ಆ ವಿದ್ಯಾರ್ಥಿನಿಯರು ತರಬೇತಿ ಮುಗಿಸಿ ಹೊರಡುವ ದಿನ, ಅಂದು ಉತ್ತರಿಸಿದ್ದ ಹುಡುಗಿ ಆ ತಾಯಿಯ ಮನೆಗೆ ಹೋಗಿ ಹೇಳಿಬಂದಳಂತೆ: "ಈ ತಿಂಗಳಿಂದ ಶುರು ಮಾಡಿದೀನಿ ಅಜ್ಜಿ. ನೀವೂ ಒಂದ್ಸಲ ತೋರಿಸ್ಕೊಂಡು ಬನ್ನಿ." ಅಜ್ಜಿ ಹೋಗಿ ತೋರಿಸಿಕೊಂಡು ಬಂದರು. ಏನೂ ಇರಲಿಲ್ಲ ಎಂಬುದನ್ನು ಊರಿಗೆಲ್ಲ ಅವರೇ ಸಂತೋಷದಿಂದ ಹೇಳಿದರು. ಅನಂತರದ ತಪಾಸಣಾ ದಿನ ಅವರ ಓಣಿಯಿಂದಲೇ ಹೆಚ್ಚು ಮಂದಿ ಬಂದಿದ್ದರು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಕಾಲೇಜಿಗೆ ಪತ್ರ, ಕೋಣೆಯ ಪರಿಶೀಲನೆ ಮತ್ತು ತಪಾಸಣಾ ದಿನ ಈ ಮೂರರ ಬಗ್ಗೆಯಾದರೂ ನಿರ್ಣಯ ಕೈಗೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ